ಶವ್ವಾಲ್ ಚಂದ್ರನೊಂದಿಗೆ ಮುಗಿಯುವ ಭಕ್ತಿ

ಈದುಲ್ ಫಿತ್ರ್ ದಿನ ನಮ್ಮ ಈದ್ಗಾಗಳಲ್ಲಿ ಕಾಲಿಡಲು ಸ್ಥಳವಿರುವುದಿಲ್ಲ. ಮರುದಿನದ ಫಜ್ರ್ ನಮಾಝ್‌ಗೆ ಶಿರಸಿ, ಸಿದ್ದಾಪುರ, ಯಲ್ಲಾಪುರಗಳ ಎಷ್ಟೋ ಮಸೀದಿಗಳಲ್ಲಿ ಒಂದು ಸಾಲು ತುಂಬುವುದೂ ಕಷ್ಟ. ತಿಂಗಳಿಡೀ ಇಶಾದ ಬಳಿಕ ಗಂಟೆಗಟ್ಟಲೆ ತರಾವೀಹ್‌ನಲ್ಲಿ ನಿಂತವರೇ ಫಜ್ರ್‌ನ ಎರಡು ರಕ್‌ಅತ್‌ಗೆ ಏಳಲಾರದವರಾಗುತ್ತಾರೆ. ತರಾವೀಹ್ ಸುನ್ನತ್, ಫಜ್ರ್ ಫರ್ಝ್. ಸುನ್ನತ್‌ಗೆ ನೂಕುನುಗ್ಗಲು, ಫರ್ಝ್‌ಗೆ ಖಾಲಿ ಚಾಪೆ! ಇದು ಮಾನವಸಹಜ ದೌರ್ಬಲ್ಯವೆಂದು ಸಮಾಧಾನ ಹೇಳುವವರಿದ್ದಾರೆ. ಆ ಸಮಾಧಾನವನ್ನು ನಾವು ಒಪ್ಪುವುದಿಲ್ಲ.

ಸಮಯವಿಲ್ಲವೆಂಬ ಮಾತಂತೂ ಸುಳ್ಳು. ಅದನ್ನು ಸುಳ್ಳೆಂದು ಸಾಬೀತುಪಡಿಸಿದ್ದು ರಮಝಾನ್ ತಿಂಗಳೇ. ಅಡಿಕೆ, ಕಾಳುಮೆಣಸಿನ ವ್ಯಾಪಾರಿಗೆ ಆ ತಿಂಗಳಲ್ಲೂ ವ್ಯಾಪಾರವಿತ್ತು, ಗ್ಯಾರೇಜಿನವನಿಗೂ ಕೆಲಸವಿತ್ತು. ಯಲ್ಲಾಪುರದಿಂದ ಅರಬೈಲ್ ಘಾಟಿ ಇಳಿದು ಲಾರಿ ಓಡಿಸುವ ಚಾಲಕ ರಸ್ತೆ ಬದಿಯಲ್ಲಿ ವಾಹನ ನಿಲ್ಲಿಸಿ ಖರ್ಜೂರದಿಂದ ಇಫ್ತಾರ್ ಮಾಡಿದ್ದನ್ನು ಎಲ್ಲರೂ ಕಂಡಿದ್ದೇವೆ. ದೂರದ ಪ್ರಯಾಣಿಕನಿಗೆ ಶರೀಅತ್ ನಾಲ್ಕು ರಕ್‌ಅತ್‌ಗಳನ್ನು ಎರಡಕ್ಕೆ ಇಳಿಸಿ ಕೊಟ್ಟಿದೆ. ಇಫ್ತಾರ್‌ಗೆ ನಿಂತ ವಾಹನ ಆ ಎರಡು ರಕ್‌ಅತ್‌ಗೆ ಏಕೆ ನಿಲ್ಲುವುದಿಲ್ಲ?

ಕಾರಣ ಬೇರೆಯೇ ಇದೆ. ನಾವು ರಮಝಾನನ್ನು ಜಾತ್ರೆಯಂತೆ ಆಚರಿಸಲು ಕಲಿತಿದ್ದೇವೆ. ಶಿರಸಿಯವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಎರಡು ವರ್ಷಗಳಿಗೊಮ್ಮೆ ನಡೆಯುವ ಮಾರಿಕಾಂಬಾ ಜಾತ್ರೆಯಲ್ಲಿ ಊರಿನ ಚಹರೆಯೇ ಬದಲಾಗುತ್ತದೆ. ಮುಗಿದೊಡನೆ ಚಪ್ಪರ ಬಿಚ್ಚಿ, ಅಂಗಡಿಗಳನ್ನು ಕಿತ್ತು, ಎಲ್ಲರೂ ಎಂದಿನ ಬದುಕಿಗೆ ಮರಳುತ್ತಾರೆ. 2024ರ ಮಾರ್ಚ್‌ನಲ್ಲಿ ಜಾತ್ರೆಯೂ ರಮಝಾನೂ ಒಟ್ಟಿಗೇ ಬಂದಿದ್ದವು. ಜಾತ್ರೆಗೆ ಚಪ್ಪರ ಬಿಚ್ಚುವುದು ಸಹಜ, ಅದರಲ್ಲಿ ಆಕ್ಷೇಪಿಸುವಂಥದ್ದೇನೂ ಇಲ್ಲ. ಆದರೆ ನಮಾಝ್ ಚಪ್ಪರವಲ್ಲ. ಚಾಂದ್ರಮಾನ ವರ್ಷದ ಸುಮಾರು 354 ದಿನಗಳಲ್ಲಿ ರಮಝಾನ್ ಕಳೆದು ಉಳಿಯುವ 325 ದಿನಗಳಿಗೂ ಅದೇ ಅಲ್ಲಾಹನು ಒಡೆಯನು. ಉಪವಾಸ ಕಡ್ಡಾಯವಾದದ್ದು ತಖ್ವಾ ಮೂಡಲೆಂದು ಎಂಬುದನ್ನು ಸೂರಃ ಅಲ್‌ಬಕರಃ ಸ್ಪಷ್ಟಪಡಿಸಿದೆ. ತಿಂಗಳು ಕಳೆಯುವುದರೊಂದಿಗೆ ಕಳೆದುಹೋಗುವುದನ್ನು ತಖ್ವಾ ಎಂದು ಕರೆಯಲು ಬರುವುದಿಲ್ಲ. ಬಿಗಿಯಾಗಿ ನೂತ ನೂಲನ್ನು ತಾನೇ ಎಳೆ ಎಳೆಯಾಗಿ ಬಿಚ್ಚಿ ಹಾಕಿದ ಸ್ತ್ರೀಯ ಉಪಮೆ ಸೂರಃ ಅನ್ನಹ್ಲ್‌ನಲ್ಲಿದೆ. ಅದು ಪ್ರತಿಜ್ಞೆ ಮುರಿಯುವವರನ್ನು ಕುರಿತದ್ದು. ಲೈಲತುಲ್ ಕದ್ರ್‌ನ ರಾತ್ರಿ ಕಣ್ಣೀರಿಟ್ಟು ನಾವು ಮಾಡಿದ್ದೂ ಪ್ರತಿಜ್ಞೆಯೇ ಅಲ್ಲವೇ?

ಇನ್ನು ಶವ್ವಾಲ್‌ನ ಆರು ಉಪವಾಸಗಳ ವಿಚಾರ. ಅದರ ಶ್ರೇಷ್ಠತೆ ಸಹೀಹ್ ಮುಸ್ಲಿಮ್‌ನ ಹದೀಸಿನಿಂದ ಸ್ಥಿರಪಟ್ಟಿದೆ. ಒಂದು ಸತ್ಕರ್ಮಕ್ಕೆ ಹತ್ತು ಪಟ್ಟು ಪ್ರತಿಫಲವೆಂಬ ಪ್ರಕಾರ 36 ಉಪವಾಸಗಳು 360 ದಿನಗಳಿಗೆ ಸಮವೆಂದು ವಿದ್ವಾಂಸರು ವಿವರಿಸಿದ್ದಾರೆ. ನಮ್ಮಲ್ಲಿ ಕೆಲವರು ಈ ಲೆಕ್ಕವನ್ನೇ ಹಿಡಿದು, ಆರು ದಿನ ಮುಗಿಸಿ ವರ್ಷದ ಬಾಕಿ ತೀರಿತೆಂದು ನಿಶ್ಚಿಂತರಾಗುತ್ತಾರೆ. ಅದೇ ಮನೆಯಲ್ಲಿ ಪತ್ನಿಗೋ, ಸೊಸೆಗೋ, ಮಗಳಿಗೋ ರಮಝಾನ್‌ನಲ್ಲಿ ತಪ್ಪಿದ ಫರ್ಝ್ ಉಪವಾಸಗಳು ಬಾಕಿಯಿರುತ್ತವೆ. ರಮಝಾನ್‌ನಲ್ಲಿ ಮನೆಮಂದಿಗೆಲ್ಲ ಸಹರಿ ಬಡಿಸಿದವಳು ಈಗ ಒಬ್ಬಳೇ ಎದ್ದು, ಒಬ್ಬಳೇ ಉಂಡು, ಹಸಿವಿನಲ್ಲೇ ಎಲ್ಲರಿಗೂ ಮಧ್ಯಾಹ್ನದ ಅಡುಗೆ ಮಾಡಬೇಕು. ಅವಳು ಉಪವಾಸವಿದ್ದಾಳೆಂಬುದು ಎಷ್ಟೋ ಮನೆಗಳಲ್ಲಿ ಗಂಡಸರಿಗೆ ತಿಳಿದಿರುವುದೂ ಇಲ್ಲ. ವಿಶ್ವಾಸಿಗಳ ಮಾತೆ ಆಯಿಶಾ(ರ) ತಮ್ಮ ಬಾಕಿ ಉಪವಾಸಗಳನ್ನು ಶಅಬಾನ್‌ನಲ್ಲಿ ಪೂರೈಸುತ್ತಿದ್ದುದಾಗಿ ಹೇಳಿದ್ದಾರೆ. ಹೆಣ್ಣಿನ ಈ ಬಾಕಿ ಹೊಸ ವಿಷಯವಲ್ಲ. ಪ್ರವಾದಿ(ಸ)ಯವರು ಮನೆಯಲ್ಲಿ ಏನು ಮಾಡುತ್ತಿದ್ದರೆಂದು ಕೇಳಿದಾಗಲೂ ಅವರೇ ಉತ್ತರಿಸಿದರು: ಮನೆಯವರ ಕೆಲಸಗಳಲ್ಲಿ ನೆರವಾಗುತ್ತಿದ್ದರು, ನಮಾಝ್‌ನ ಹೊತ್ತಾದಾಗ ಎದ್ದು ಹೋಗುತ್ತಿದ್ದರು. ಶವ್ವಾಲ್‌ನ ಆರು ದಿನಗಳನ್ನು ಆಚರಿಸುವ ಪುರುಷರು, ಬಾಕಿ ತೀರಿಸುವ ಸ್ತ್ರೀಯರು ಒಂದೇ ಸಹರಿಗೆ ಕೂತರೆ, ಅಂದಿನ ಅಡುಗೆಯನ್ನು ಸಂಜೆಗೆ ಮುಂದೂಡಿದರೆ, ಆ ಮನೆಯಲ್ಲಿ ರಮಝಾನ್ ಇನ್ನೂ ಮುಗಿದಿಲ್ಲವೆನ್ನಬಹುದು.

ಅಲ್ಪವಾದರೂ ನಿರಂತರವಾದ ಕರ್ಮವೇ ಅಲ್ಲಾಹನಿಗೆ ಅತ್ಯಂತ ಪ್ರಿಯವೆಂಬ ಪ್ರವಾದಿ ವಚನ ಬುಖಾರಿ, ಮುಸ್ಲಿಮ್ ಎರಡರಲ್ಲೂ ಇದೆ. ಮಲೆನಾಡಿನ ತೋಟಿಗನಿಗೆ ಇದು ಬೇಗ ಅರ್ಥವಾಗುತ್ತದೆ. ಮಳೆ ಹಿಡಿಯುವ ಮುನ್ನ ಅಡಿಕೆ ಕೊನೆಗಳಿಗೆ ಬೋರ್ಡೋ ದ್ರಾವಣ ಹೊಡೆದವನು ನಲವತ್ತು ನಲವತ್ತೈದು ದಿನಗಳಲ್ಲಿ ಮತ್ತೆ ಹೊಡೆಯಲೇಬೇಕು. ಮೊದಲ ಸಲ ಚೆನ್ನಾಗಿ ಹೊಡೆದಿದ್ದೆನೆಂದು ಕೈಕಟ್ಟಿ ಕುಳಿತರೆ ಕೊಳೆರೋಗ ಬಿಡುವುದಿಲ್ಲ. ಸೋಮವಾರ, ಗುರುವಾರದ ಉಪವಾಸ, ಪ್ರತಿ ಚಾಂದ್ರಮಾಸದ 13, 14, 15ರ ಉಪವಾಸ ನಮಗೆ ಕಲಿಸಲ್ಪಟ್ಟಿರುವುದು ಇದಕ್ಕಾಗಿಯೇ. ಮಸೀದಿಯಿಂದ ದೂರದ ಒಂಟಿ ಮನೆಗಳಲ್ಲಿ, ಜೂನ್ ಜುಲೈನ ಜಡಿಮಳೆಯಲ್ಲಿ, ತಂದೆ ಮಕ್ಕಳನ್ನು ಹಿಂದೆ ನಿಲ್ಲಿಸಿಕೊಂಡು ಮನೆಯಲ್ಲೇ ಜಮಾಅತ್ ನಡೆಸಲು ಯಾವ ಅಡ್ಡಿಯಿದೆ?

ಆರಾಧನೆಯೆಂದರೆ ನಮಾಝ್, ಉಪವಾಸಗಳಷ್ಟೇ ಎಂದು ಯಾರೂ ಭಾವಿಸಬಾರದು. ತೂಕದಲ್ಲಿ ವಂಚಿಸುವವರಿಗೆ ನಾಶವೆಂದೇ ಒಂದು ಸೂರಃ ಆರಂಭವಾಗುತ್ತದೆ. ಉಪವಾಸದಲ್ಲಿ ನೀರನ್ನೂ ಮುಟ್ಟದವನು ಶವ್ವಾಲ್‌ನಲ್ಲಿ ರೈತನ ಚಾಲಿ ಅಡಿಕೆಯನ್ನು ತೂಗುವಾಗ ಕಣ್ಣು ತಪ್ಪಿಸಿದರೆ ಆ ಹಸಿವಿನಿಂದ ಅವನು ಏನನ್ನು ಕಲಿತನು?

ಮಸೀದಿ ಕಮಿಟಿಗಳಿಗೂ ಒಂದು ಮಾತು. ತರಾವೀಹ್‌ಗೆ ಹಾಫಿಝ್‌ರನ್ನು ಹುಡುಕಿ ತರುತ್ತೀರಿ, ಇಫ್ತಾರ್‌ಗೆ ಪಾಳಿ ಹಚ್ಚುತ್ತೀರಿ, ಚಂದಾ ಎತ್ತುತ್ತೀರಿ, ಎಲ್ಲವೂ ಶ್ಲಾಘನೀಯವೇ. ಮಕ್ಕಳಿಗೆ ವರ್ಷವಿಡೀ ಕುರ್‌ಆನ್ ಕಲಿಸುವ ಉಸ್ತಾದರ ವೇತನದ ಮಾತು ಬಂದಾಗ ಮಾತ್ರ ಸಭೆ ಮೌನವಾಗುತ್ತದೆ. ನಾವೂ ಕಲಿಸುವವರೇ ಆದ್ದರಿಂದ ಇದನ್ನು ಸ್ವಾರ್ಥವೆನ್ನುವವರು ಎನ್ನಲಿ. ರಮಝಾನ್‌ನ ಜಮಾಖರ್ಚು ಒಪ್ಪಿಸುವ ಸಭೆಯಲ್ಲೇ ಮುಂದಿನ ಹನ್ನೊಂದು ತಿಂಗಳ ಯೋಜನೆಯನ್ನೂ ಮಂಡಿಸಿರಿ: ಮಕ್ಕಳ ಮದ್ರಸಾ, ಇಶಾದ ಬಳಿಕ ಹಿರಿಯರಿಗೆ ಹತ್ತು ನಿಮಿಷದ ಕುರ್‌ಆನ್ ಪಾಠ, ಸ್ತ್ರೀಯರಿಗೆ ವಾರಕ್ಕೊಂದು ತರಗತಿ. ಯಾರ ಹೊಣೆ, ಯಾವ ದಿನ, ಎಷ್ಟು ಖರ್ಚೆಂಬುದನ್ನು ಅಂದೇ ಬರೆದು ಮಸೀದಿಯ ಫಲಕದಲ್ಲಿ ಹಚ್ಚಿರಿ.