ಆಟಿಯ ಚೀಲ

ಮಕ್ಕಳೇ, ನಮ್ಮ ಸಂಪಾಜೆಯವರಿಗೆ ಚಂಡಮಾರುತಕ್ಕಿಂತ ಗುಡ್ಡದ ಹೆದರಿಕೆಯೇ ಹೆಚ್ಚು. 2018ರ ಆಗಸ್ಟ್‌ನಲ್ಲಿ ಮೇಲೆ ಜೋಡುಪಾಲದಲ್ಲಿ ಗುಡ್ಡ ಜರಿದಾಗ ಜನ ಉಟ್ಟ ಬಟ್ಟೆಯಲ್ಲೇ ಇಳಿದು ಬಂದರು. ಶಿಬಿರದಲ್ಲಿ ಅರ್ಜಿ ಬರೆದುಕೊಡಲು ಕುಳಿತಿದ್ದೆ. "ಪಾಸ್‌ಬುಕ್ ಕಪಾಟಿನಲ್ಲಿತ್ತು, ಕಪಾಟು ಎಲ್ಲಿ ಹೋಯಿತೋ" ಎಂದರು ಒಬ್ಬ ಅಜ್ಜಿ. ನನ್ನ ಪೆನ್ನು ಓಡಲಿಲ್ಲ.

ಅಂದಿನಿಂದ ಆಟಿಗೆ ಮೊದಲೇ ನಮ್ಮ ಬಾಗಿಲ ಬಳಿ ಒಂದು ಚೀಲ ನೇತಾಡುತ್ತದೆ. ಪ್ಲಾಸ್ಟಿಕ್‌ನಲ್ಲಿ ಸುತ್ತಿದ ಪಾಸ್‌ಬುಕ್, ಆಧಾರ್, ಆರ್‌ಟಿಸಿ, ಜೊತೆಗೆ ಟಾರ್ಚ್, ನನ್ನ ಬಿಪಿ ಮಾತ್ರೆ. ಫೋನ್ ನಂಬರುಗಳನ್ನು ಮೊಮ್ಮಗಳೇ ಬರೆದಳು. ನನ್ನ ಬ್ಯಾಂಕಿನ ಅಕ್ಷರ ಯಾರಿಗೂ ಓದಲಾಗುವುದಿಲ್ಲವಂತೆ! ತೋಡಿನ ನೀರು ಇದ್ದಕ್ಕಿದ್ದಂತೆ ಕೆಸರಾದರೆ, ಗುಡ್ಡದಲ್ಲಿ ಬಿರುಕು ಕಂಡರೆ ಕಾಯದೆ ಹೊರಡುವುದು. ಹಟ್ಟಿಯ ದನಗಳ ಹಗ್ಗ ಬಿಚ್ಚುವುದು ನನ್ನ ಕೆಲಸ.

"ಅಜ್ಜಾ, ಬೆಕ್ಕು?" ಎಂದಳು ಮೊನ್ನೆ. ಈಗ ಚೀಲದ ಪಕ್ಕ ಒಂದು ಬುಟ್ಟಿಯೂ ಇದೆ.