ಸೋತವನೂ ಮಾಡಿ ನೋಡಬಹುದಾದ ಲೆಕ್ಕ

ಪಂದ್ಯವೆಂದ ಮೇಲೆ ಮೊದಲು ಗುರಿ ಮುಟ್ಟಿದವನೇ ಗೆದ್ದವನು ಎಂಬುದು ಲೋಕರೂಢಿ. ಓಟದಲ್ಲಿ ಹಾಗೆ, ಈಜಿನಲ್ಲಿ ಹಾಗೆ, ಎತ್ತಿನ ಗಾಡಿಯ ಪಂದ್ಯದಲ್ಲಿಯೂ ಹಾಗೆಯೇ. ಆದರೆ ಮೊದಲು ಬಂದವನು ಸೋತು, ಒಂಬತ್ತು ನಿಮಿಷ ತಡವಾಗಿ ಬಂದವನು ನ್ಯಾಯವಾಗಿಯೇ ಗೆಲ್ಲಬಹುದಾದ ಪಂದ್ಯವೊಂದುಂಟು. ಅದು ಪಾರಿವಾಳಗಳ ಪಂದ್ಯ. ಅಲ್ಲಿ ಗೆಲವನ್ನು ಸಾರುವುದು ಕಣ್ಣಲ್ಲ, ಲೆಕ್ಕ. ಗಣಕಯಂತ್ರ ಬರುವ ಮುನ್ನ ಆ ಲೆಕ್ಕವನ್ನು ಜನ ಕಾಗದ, ಸೀಸದಕಡ್ಡಿಗಳಿಂದ ಮಾಡುತ್ತಿದ್ದರು. ಇದು ಹಕ್ಕಿ ಸಾಕುವವರ ಹವ್ಯಾಸದ ಮಾತೆಂದು ವಾಚಕರು ಪುಟ ಮಗುಚಬಾರದು. ನ್ಯಾಯವೆಂಬುದು ಎಲ್ಲಿ ನೆಲೆಸಿರುತ್ತದೆ ಎಂಬ ಪ್ರಶ್ನೆಗೆ ಈ ಲೆಕ್ಕದಲ್ಲಿ ಒಂದು ಒಳ್ಳೆಯ ಉತ್ತರವಿದೆ.

ನೆಲೋಗಿಯ ಕಡೆ ನಮಗೆ ಪಾರಿವಾಳ ಹೊಸದಲ್ಲ. ಗುಡಿಯ ಶಿಖರವೆನ್ನದೆ, ದರ್ಗಾದ ಗುಮ್ಮಟವೆನ್ನದೆ, ಎರಡರಲ್ಲಿಯೂ ಗೂಡುಕಟ್ಟುವ ಹಕ್ಕಿ ಅದು. ಅದನ್ನು ಹಾರಿಸುವ ಷೋಕಿಯೂ ಹಳೆಯದು. ಅಕ್ಬರನ ಅರಮನೆಯಲ್ಲಿ ಇಪ್ಪತ್ತು ಸಾವಿರಕ್ಕೂ ಹೆಚ್ಚು ಪಾರಿವಾಳಗಳಿದ್ದುವೆಂದು ‘ಐನೆ ಅಕ್ಬರಿ’ ಹೇಳುತ್ತದೆ. ಆದರೆ ಹಕ್ಕಿ ಎಷ್ಟು ಹೊತ್ತು ಆಕಾಶದಲ್ಲಿ ನಿಂತಿತು ಎಂದು ನೋಡುವ ಆಟಕ್ಕೆ ಗಡಿಯಾರವೊಂದಿದ್ದರೆ ಸಾಕು. ದೂರದ ಊರಿನಲ್ಲಿ ಬಿಟ್ಟ ಹಕ್ಕಿಗಳು ತಮ್ಮ ತಮ್ಮ ಗೂಡಿಗೆ ಹಾರಿ ಬರುವ ಪಂದ್ಯದ ಮಾತು ಬೇರೆ. ಇದು ಹತ್ತೊಂಬತ್ತನೆಯ ಶತಮಾನದಲ್ಲಿ ಬೆಲ್ಜಿಯಂ ದೇಶದಲ್ಲಿ ಬೆಳೆದು, ಬ್ರಿಟನ್ನಿಗೆ ಹಬ್ಬಿ, ನಮ್ಮ ದೇಶಕ್ಕೂ ಬಂದಿತು. ಬೆಂಗಳೂರು, ಚೆನ್ನೈಗಳಲ್ಲಿ ಇದಕ್ಕೆ ಇಂದಿಗೂ ಸಂಘಗಳಿವೆ.

ಈ ಪಂದ್ಯಕ್ಕೆ ಆರಂಭ ಒಂದೇ, ಕೊನೆ ಹಲವು. ಎಲ್ಲ ಹಕ್ಕಿಗಳನ್ನೂ ಒಂದೇ ಸ್ಥಳದಿಂದ ಒಂದೇ ಗಳಿಗೆಯಲ್ಲಿ ಬಿಡುತ್ತಾರೆ. ಆದರೆ ಒಂದರ ಗೂಡು ಊರಿನ ಈ ತುದಿಗಿದ್ದರೆ ಇನ್ನೊಂದರದು ಮೈಲಿಗಟ್ಟಲೆ ಆಚೆಗಿರುತ್ತದೆ. ಆದುದರಿಂದ ಬಂದ ಹೊತ್ತನ್ನಷ್ಟೇ ನೋಡಿ ತೀರ್ಪು ಕೊಟ್ಟರೆ ದೂರದವನಿಗೆ ಅನ್ಯಾಯ. ಇದಕ್ಕೆ ಪರಿಹಾರವಾಗಿ ವೇಗವನ್ನೇ ಅಳತೆಗೋಲು ಮಾಡಿಕೊಂಡರು. ಬಿಟ್ಟ ಸ್ಥಳದಿಂದ ಪ್ರತಿಯೊಂದು ಗೂಡಿಗೂ ಇರುವ ನೇರ ದೂರವನ್ನು ಅಕ್ಷಾಂಶ ರೇಖಾಂಶಗಳಿಂದ ಮೊದಲೇ ಗುಣಿಸಿ ಇಟ್ಟಿರುತ್ತಾರೆ. ಆ ದೂರವನ್ನು ಹಾರಾಟದ ನಿಮಿಷಗಳಿಂದ ಭಾಗಿಸಬೇಕು. ಬ್ರಿಟನ್ನಿನಲ್ಲಿ ನಿಮಿಷಕ್ಕೆ ಇಷ್ಟು ಗಜ, ಯೂರೋಪಿನ ಇತರ ನಾಡುಗಳಲ್ಲಿ ನಿಮಿಷಕ್ಕೆ ಇಷ್ಟು ಮೀಟರು ಎಂದು ದಶಮಾಂಶದ ಮೂರು ಸ್ಥಾನಗಳವರೆಗೂ ಉತ್ತರ ತೆಗೆಯುವುದು ರೂಢಿ.

ಒಂದು ಉದಾಹರಣೆಯನ್ನು ಕಲ್ಪಿಸಿಕೊಳ್ಳೋಣ. ಬೆಳಗ್ಗೆ 6 ಗಂಟೆಗೆ ಹಕ್ಕಿಗಳನ್ನು ಬಿಟ್ಟರು. ಮೊದಲನೆಯವನ ಗೂಡಿಗೆ 300 ಮೈಲಿ, ಅಂದರೆ 5,28,000 ಗಜ. ಅವನ ಹಕ್ಕಿ ಮಧ್ಯಾಹ್ನ 2 ಗಂಟೆಗೆ, 480 ನಿಮಿಷಗಳಲ್ಲಿ ಬಂದಿತು. ವೇಗ ನಿಮಿಷಕ್ಕೆ 1,100 ಗಜ. ಎರಡನೆಯವನ ಗೂಡಿಗೆ 306 ಮೈಲಿ, ಅಂದರೆ 5,38,560 ಗಜ. ಅವನ ಹಕ್ಕಿ ಬಂದದ್ದು 2 ಗಂಟೆ 9 ನಿಮಿಷಕ್ಕೆ. 489ರಿಂದ ಭಾಗಿಸಿದರೆ 1,101.350 ಗಜ. ಒಂಬತ್ತು ನಿಮಿಷ ತಡವಾಗಿ ಬಂದ ಹಕ್ಕಿಯೇ ಗೆದ್ದಿತು.

ಕಥೆ ಇಲ್ಲಿಗೆ ಮುಗಿಯುವುದಿಲ್ಲ. ಹಕ್ಕಿ ಬಂದ ಗಳಿಗೆಯನ್ನು ಸಾಕಿದವನ ಬಾಯಿಮಾತಿನಿಂದ ನಂಬುವುದು ಹೇಗೆ? ಆರಂಭದ ಕಾಲದಲ್ಲಿ ಬಂದ ಹಕ್ಕಿಯನ್ನೋ ಅದರ ಗುರುತನ್ನೋ ಹಿಡಿದು ಸಂಘದ ಮನೆಗೆ ಓಡಬೇಕಾಗಿತ್ತು. ಚುರುಕು ಕಾಲಿನ ಹುಡುಗರಿಗೆ ಅಂದು ಬೆಲೆ. ಆಮೇಲೆ ಮೊಹರು ಹಾಕಿದ ಗಡಿಯಾರಗಳು ಬಂದುವು. ಪಂದ್ಯಕ್ಕೆ ಮುನ್ನ ಹಕ್ಕಿಯ ಕಾಲಿಗೆ ಅಂಕೆಯುಳ್ಳ ರಬ್ಬರಿನ ಉಂಗುರವನ್ನು ತೊಡಿಸುವರು. ಹಕ್ಕಿ ಗೂಡಿಗೆ ಬಂದೊಡನೆ ಆ ಉಂಗುರವನ್ನು ಕಳಚಿ, ಪುಟ್ಟದೊಂದು ಲೋಹದ ಕುಪ್ಪಿಗೆಯಲ್ಲಿಟ್ಟು, ಗಡಿಯಾರದೊಳಕ್ಕೆ ಹಾಕಿ ಹಿಡಿ ತಿರುಗಿಸಿದರೆ ಹೊತ್ತು ಕಾಗದದ ಪಟ್ಟಿಯ ಮೇಲೆ ಅಚ್ಚಾಗುತ್ತಿತ್ತು. ಪಂದ್ಯದ ಮೊದಲು ಎಲ್ಲರ ಗಡಿಯಾರಗಳನ್ನೂ ಒಂದೇ ಕಾಲಕ್ಕೆ ಹೊಂದಿಸಿ ಮೊಹರು ಮಾಡುವುದು, ಮುಗಿದ ಮೇಲೆ ಎಲ್ಲರೆದುರು ತೆರೆದು ಮೂಲ ಗಡಿಯಾರದೊಡನೆ ತಾಳೆ ನೋಡುವುದು ನಿಯಮ.

ಗಡಿಯಾರಗಳೋ ಮನುಷ್ಯರಂತೆಯೇ; ಒಂದು ಮುಂದೆ ಓಡುತ್ತದೆ, ಇನ್ನೊಂದು ಹಿಂದೆ ಬೀಳುತ್ತದೆ. ನಮ್ಮ ಎರಡನೆಯವನ ಗಡಿಯಾರವನ್ನು ಹಿಂದಿನ ಸಂಜೆ 6ಕ್ಕೆ ಹೊಂದಿಸಿ ಮರುದಿನ ಸಂಜೆ 6ಕ್ಕೆ ತೆರೆದಾಗ ಅದು 40 ಸೆಕೆಂಡು ಹಿಂದೆ ಇತ್ತು ಎನ್ನೋಣ. ಮೊದಲನೆಯವನದು ಸರಿಯಾಗಿತ್ತು. ಈಗ ಎರಡನೆಯವನ ಹೊತ್ತಿಗೆ ಆ 40 ಸೆಕೆಂಡುಗಳನ್ನೂ ಕೂಡಿಸಿದರೆ ಅವನ ವೇಗ 1,099.85ಕ್ಕೆ ಇಳಿಯುತ್ತದೆ, ಅವನು ಸೋತ. ಆದರೆ ಆ ತಪ್ಪು ಇಪ್ಪತ್ತನಾಲ್ಕು ಗಂಟೆಗಳಲ್ಲಿ ಕೂಡಿಬಂದದ್ದು. ಹಕ್ಕಿ ಬಂದದ್ದು ಇಪ್ಪತ್ತು ಗಂಟೆ ಒಂಬತ್ತು ನಿಮಿಷಗಳಾದ ಮೇಲೆ. 1,440 ನಿಮಿಷಕ್ಕೆ 40 ಸೆಕೆಂಡಾದರೆ 1,209 ನಿಮಿಷಕ್ಕೆಷ್ಟು? ಸುಮಾರು 33.6 ಸೆಕೆಂಡು. ಅಷ್ಟನ್ನೇ ಕೂಡಿಸಿದರೆ ವೇಗ 1,100.09. ಅವನೇ ಗೆದ್ದ! ಮುನ್ನೂರು ಮೈಲಿಯ ಹಾರಾಟದ ತೀರ್ಪು ಕೊನೆಗೆ ಒಂದು ತ್ರೈರಾಶಿಕದ ಮೇಲೆ ನಿಂತಿತು.

ತ್ರೈರಾಶಿಕವೆಂದೊಡನೆ ನಮ್ಮ ಜಿಲ್ಲೆಯ ಒಂದು ಊರು ನೆನಪಾಗಬೇಕು. ಕಾಗಿಣಾ ದಂಡೆಯ ಮಳಖೇಡ ನೆಲೋಗಿಯಂತೆಯೇ ಕಲಬುರಗಿ ಜಿಲ್ಲೆಗೆ ಸೇರಿದ್ದು, ರಾಷ್ಟ್ರಕೂಟರ ಮಾನ್ಯಖೇಟವದು. ‘ಕವಿರಾಜಮಾರ್ಗ’ವನ್ನು ಕೊಟ್ಟ ಅಮೋಘವರ್ಷ ನೃಪತುಂಗನ ಆಶ್ರಯದಲ್ಲಿಯೇ, ಒಂಬತ್ತನೆಯ ಶತಮಾನದ ನಡುವಿನಲ್ಲಿ, ಮಹಾವೀರಾಚಾರ್ಯ ಸಂಸ್ಕೃತದಲ್ಲಿ ‘ಗಣಿತಸಾರಸಂಗ್ರಹ’ವನ್ನು ಬರೆದ. ಅದರಲ್ಲಿ ತ್ರೈರಾಶಿಕಕ್ಕೆ ಒಂದು ಪ್ರತ್ಯೇಕ ಅಧ್ಯಾಯವೇ ಇದೆ. ಪ್ರಮಾಣ, ಫಲ, ಇಚ್ಛೆ ಎಂಬ ಮೂರು ರಾಶಿಗಳನ್ನು ಕ್ರಮವಾಗಿಟ್ಟುಕೊಂಡರೆ ನಾಲ್ಕನೆಯದು ತಾನಾಗಿಯೇ ಒದಗುತ್ತದೆ. ಪಾರಿವಾಳದ ಗಡಿಯಾರವನ್ನು ತಿದ್ದಲು ಇದಕ್ಕಿಂತ ಹೆಚ್ಚಿನದೇನೂ ಬೇಕಿಲ್ಲ.

ಆ ಗ್ರಂಥದಲ್ಲಿ ಪಾರಿವಾಳದ ಲೆಕ್ಕವೂ ಒಂದಿದೆ. ಮೂರು ಪಣಕ್ಕೆ ಐದು ಪಾರಿವಾಳ, ಐದಕ್ಕೆ ಏಳು ಸಾರಸ, ಏಳಕ್ಕೆ ಒಂಬತ್ತು ಹಂಸ, ಒಂಬತ್ತಕ್ಕೆ ಮೂರು ನವಿಲು. ರಾಜಕುಮಾರನ ವಿನೋದಕ್ಕಾಗಿ ನೂರು ಪಣಕ್ಕೆ ನೂರು ಹಕ್ಕಿಗಳನ್ನು ಕೊಳ್ಳಬೇಕು. ಇದನ್ನು ಬಿಡಿಸುವುದು ಸುಲಭವಲ್ಲ. ಆದರೆ ಉತ್ತರವನ್ನು ಕೇಳಿ: 15 ಪಾರಿವಾಳಕ್ಕೆ 9 ಪಣ, 28 ಸಾರಸಕ್ಕೆ 20, 45 ಹಂಸಕ್ಕೆ 35, 12 ನವಿಲಿಗೆ 36. ಕೂಡಿಸಿದರೆ ಹಕ್ಕಿಯೂ ನೂರು, ಪಣವೂ ನೂರು. ಉತ್ತರವನ್ನು ಕಂಡುಹಿಡಿಯಲು ಪಂಡಿತ ಬೇಕು; ತಾಳೆ ನೋಡಲು ಮಗ್ಗಿ ಬಲ್ಲ ಹುಡುಗ ಸಾಕು. ನಾನು ಹೇಳಬೇಕೆಂದಿರುವ ಮಾತಿನ ತಿರುಳು ಇದೇ.

ಹಿಂದಿನ ಪಾರಿವಾಳ ಸಂಘಗಳ ಲೆಕ್ಕಿಗರಿಗೆ ಅಂಕೆಗಳ ಕೆಲಸ ಕಡಿಮೆಯದಾಗಿರಲಿಲ್ಲ. ಸೆಕೆಂಡುಗಳನ್ನು ನಿಮಿಷದ ದಶಮಾಂಶಕ್ಕೆ ತರಬೇಕು. ಹಕ್ಕಿ ಎರಡನೆಯ ದಿನ ಬಂದರೆ ರಾತ್ರಿಯ ಕತ್ತಲೆಯ ಗಂಟೆಗಳನ್ನು ನಿಯಮದಂತೆ ಕಳೆಯಬೇಕು. ಆಮೇಲೆ ಉದ್ದನೆಯ ಭಾಗಾಕಾರ. ಶ್ರಮವನ್ನು ತಗ್ಗಿಸಲು ಸಿದ್ಧ ಕೋಷ್ಟಕಗಳಿದ್ದುವು, ಲಾಗರಿದಮ್ ಪಟ್ಟಿಗಳಿದ್ದುವು, ಕೈಯಿಂದ ತಿರುಗಿಸುವ ಲೆಕ್ಕದ ಯಂತ್ರಗಳೂ ಬಂದುವು. ಶಾಲೆಯ ನಾಲ್ಕಂಕಿಯ ಲಾಗರಿದಮ್ ಪಟ್ಟಿ ಇಲ್ಲಿ ಸಾಲದು, 1,100ಕ್ಕೂ 1,100.09ಕ್ಕೂ ಅದು ಒಂದೇ ಬೆಲೆಯನ್ನು ತೋರಿಸುತ್ತದೆ. ಏಳಂಕಿಯ ಪಟ್ಟಿ ಬೇಕು, ಇಲ್ಲವೆ ತಾಳ್ಮೆಯಿಂದ ಭಾಗಿಸುವ ಮನಸ್ಸು ಬೇಕು.

ಈ ಪದ್ಧತಿಯಲ್ಲಿ ತಪ್ಪಿಗೆ ಅವಕಾಶವಿರಲಿಲ್ಲವೆಂದು ನಾನು ಹೇಳುವುದಿಲ್ಲ. ಬೇಸತ್ತ ಲೆಕ್ಕಿಗ 7ನ್ನು 1 ಎಂದು ಓದಬಹುದು. ಆದರೆ ತಪ್ಪನ್ನು ಹಿಡಿಯುವ ಹಾದಿ ಎಲ್ಲರಿಗೂ ತೆರೆದಿತ್ತು. ದೂರ ಗೊತ್ತು, ಬಿಟ್ಟ ಹೊತ್ತು ಗೊತ್ತು, ಗಡಿಯಾರದ ಪಟ್ಟಿ ಎದುರಿಗಿದೆ, ತಿದ್ದುಪಡಿಯ ಸೂತ್ರ ಎಲ್ಲರದು. ಸೋತವನು ಮನೆಗೆ ಹೋಗಿ ಹಳೆಯ ಲಕೋಟೆಯ ಬೆನ್ನಿನ ಮೇಲೆ ಅದೇ ಲೆಕ್ಕವನ್ನು ಮತ್ತೆ ಮಾಡಿ ನೋಡಬಹುದಾಗಿತ್ತು. ಉತ್ತರ ಅದೇ ಬಂದರೆ ಅವನ ಸೋಲು ಅವನದೇ ಆಗುತ್ತಿತ್ತು, ಇನ್ನೊಬ್ಬರು ಹೇರಿದ್ದಾಗುತ್ತಿರಲಿಲ್ಲ. ತೀರ್ಪುಗಾರನ ಸತ್ಯಸಂಧತೆ ದೊಡ್ಡದು ನಿಜ. ಆದರೆ ತೀರ್ಪುಗಾರನನ್ನು ನಂಬಬೇಕಾದ ಅಗತ್ಯವನ್ನೇ ಕಡಿಮೆ ಮಾಡುವ ಏರ್ಪಾಡು ಅದಕ್ಕಿಂತ ದೊಡ್ಡದು.

1990ರ ದಶಕದಿಂದ ಈಚೆಗೆ ವಿದ್ಯುನ್ಮಾನ ಉಂಗುರಗಳು ಬಂದಿವೆ. ಹಕ್ಕಿ ಗೂಡಿನ ಹೊಸ್ತಿಲ ಮೇಲೆ ಕಾಲಿಟ್ಟೊಡನೆ ಹೊತ್ತು ದಾಖಲಾಗುತ್ತದೆ, ಗಣಕಯಂತ್ರ ಕ್ಷಣದಲ್ಲಿ ಕ್ರಮಾಂಕದ ಪಟ್ಟಿಯನ್ನು ಕೊಡುತ್ತದೆ. ಇದನ್ನು ನಿಂದಿಸುವುದು ಮೂರ್ಖತನ. ಯಂತ್ರಕ್ಕೆ ನಿದ್ರೆಯಿಲ್ಲ, ದಾಕ್ಷಿಣ್ಯವೂ ಇಲ್ಲ. ನನ್ನ ಆಕ್ಷೇಪ ಯಂತ್ರದ ಮೇಲಲ್ಲ. ಯಂತ್ರ ಹೇಳಿತು ಎಂಬಷ್ಟಕ್ಕೇ ತೃಪ್ತರಾಗಿ ಕೈಕಟ್ಟಿ ಕೂರುವ ನಮ್ಮ ಅಭ್ಯಾಸದ ಮೇಲೆ.

ಪಾರಿವಾಳದ ಪಂದ್ಯದಲ್ಲಿ ಇದರಿಂದ ಹೋಗುವುದು ಒಂದು ಬಟ್ಟಲು, ಒಂದಿಷ್ಟು ಹೆಮ್ಮೆ. ಆದರೆ ನೆಲೋಗಿಯ ಸೀಮೆಯಿಂದ ಬರುವ ನನ್ನ ವಿದ್ಯಾರ್ಥಿಗಳ ಪಂದ್ಯ ಬೇರೆ ಬಗೆಯದು. ಇಂದಿನ ದೊಡ್ಡ ಪ್ರವೇಶಪರೀಕ್ಷೆಗಳು ಹಲವು ಪಾಳಿಗಳಲ್ಲಿ, ಬೇರೆ ಬೇರೆ ಪ್ರಶ್ನೆಪತ್ರಿಕೆಗಳೊಡನೆ ನಡೆಯುತ್ತವೆ. ಒಂದು ಪಾಳಿಯ ಪತ್ರಿಕೆ ಕಠಿನ, ಇನ್ನೊಂದರದು ಸುಲಭ. ಗೂಡುಗಳು ಬೇರೆ ಬೇರೆ ದೂರದಲ್ಲಿದ್ದಂತೆಯೇ. ಆದುದರಿಂದ ಬಂದ ಅಂಕಗಳನ್ನು ಸಮೀಕರಿಸಿ ಶೇಕಡಾ ಸ್ಥಾನವನ್ನು ಕೊಡುತ್ತಾರೆ. ತತ್ತ್ವ ನ್ಯಾಯವಾದದ್ದೇ, ಪಾರಿವಾಳದವರು ನೂರು ವರ್ಷಗಳ ಹಿಂದೆಯೇ ಅದನ್ನು ಒಪ್ಪಿದ್ದರು. ಆದರೆ ತನ್ನ ಅಂಕ ಆ ಸ್ಥಾನವಾದದ್ದು ಹೇಗೆಂದು ಹಳ್ಳಿಯ ಹುಡುಗಿಯೊಬ್ಬಳು ಕೇಳಿದರೆ, ಸೂತ್ರವಿದೆ ಎಂಬ ಉತ್ತರ ಸಿಗುತ್ತದೆ. ಆ ಸೂತ್ರದಲ್ಲಿ ಅಂಕೆಗಳನ್ನಿಟ್ಟು ತಾನೇ ಮಾಡಿ ನೋಡಲು ಬೇಕಾದ ಸಾಮಗ್ರಿ ಅವಳ ಕೈಯಲ್ಲಿಲ್ಲ. ಅವಳ ತಂದೆ ತೊಗರಿಯನ್ನು ಮಾರಲು ಹೋದಾಗಲೂ ಹೀಗೆಯೇ. ತೇವಾಂಶದ ಯಂತ್ರ ಒಂದು ಅಂಕೆಯನ್ನು ತೋರಿಸುತ್ತದೆ, ಬೆಲೆ ತೀರ್ಮಾನವಾಗುತ್ತದೆ. ತಂದೆಮಗಳಿಬ್ಬರೂ ಮೋಸಹೋದರೆಂದು ನಾನು ಹೇಳುತ್ತಿಲ್ಲ. ಮೋಸವಾಗಿಲ್ಲವೆಂದು ಖಚಿತಪಡಿಸಿಕೊಳ್ಳುವ ದಾರಿ ಅವರಿಗಿಲ್ಲ ಎನ್ನುತ್ತಿದ್ದೇನೆ. ಅನ್ಯಾಯಕ್ಕಿಂತ ಸ್ವಲ್ಪವೇ ಕಡಿಮೆಯಾದ ಕಷ್ಟವಿದು.

ಇಲ್ಲಿ ಕನ್ನಡ ಅಧ್ಯಾಪಕನಿಗೇನು ಕೆಲಸವೆಂದು ಕೆಲವರು ಕೇಳಿಯಾರು. ಕೆಲಸವಿದೆ. ಹನ್ನೆರಡನೆಯ ಶತಮಾನದಲ್ಲಿ ರಾಜಾದಿತ್ಯ ‘ವ್ಯವಹಾರಗಣಿತ’ವನ್ನು ಕನ್ನಡದಲ್ಲಿ ಬರೆದ. ಸಂಸ್ಕೃತ ಬಲ್ಲವರಿಗೆ ಶಾಸ್ತ್ರ ಹೇಗೂ ದೊರಕುತ್ತಿತ್ತು. ಕನ್ನಡದಲ್ಲಿ ಬಂದಾಗ ಲೆಕ್ಕ ಜನರ ಕೈಗೆ ಬಂತು. ಲೆಕ್ಕವನ್ನು ತನ್ನ ಮಾತಿನಲ್ಲಿ ಹೇಳಿಕೊಳ್ಳಲಾರದವನು ಅದನ್ನು ಪ್ರಶ್ನಿಸಲೂ ಆರ. ಇಂದು ನಮ್ಮ ಕನ್ನಡ ತರಗತಿಗಳಲ್ಲಿ ರಸ, ಧ್ವನಿಗಳಿಗೆ ಇರುವ ಮರ್ಯಾದೆಯ ಒಂದು ಪಾಲಾದರೂ ಪ್ರಮಾಣ, ಫಲ, ಇಚ್ಛೆಗಳಿಗೆ ಸಲ್ಲಬೇಕು. ಒಂದು ಫಲಿತಾಂಶದ ಪಟ್ಟಿಯನ್ನು ಓದಿ, ಅದರ ಹಿಂದಿನ ಲೆಕ್ಕವನ್ನು ತಪ್ಪಿಲ್ಲದ ಕನ್ನಡದಲ್ಲಿ ವಿವರಿಸಿ ಬರೆಯುವುದು ಪ್ರಬಂಧರಚನೆಗೆ ಯೋಗ್ಯವಾದ ವಿಷಯವೇ ಸರಿ. ಗಣಿತದ ಅಧ್ಯಾಪಕರು ಇದರಲ್ಲಿ ನಮ್ಮೊಡನೆ ಕೈಜೋಡಿಸಿದರೆ ಇನ್ನೂ ಲೇಸು.

ಫಲಿತಾಂಶ ಕೊಡುವವರಲ್ಲಿ ನಮ್ಮ ಬೇಡಿಕೆ ದೊಡ್ಡದಲ್ಲ. ಗೆದ್ದವನ ಹೆಸರಿನ ಪಕ್ಕದಲ್ಲಿ ದೂರ, ಹೊತ್ತು, ಗಡಿಯಾರದ ತಿದ್ದುಪಡಿ, ವೇಗ ಇಷ್ಟನ್ನೂ ಅಚ್ಚುಮಾಡಿ ಗೋಡೆಗೆ ಅಂಟಿಸಬೇಕು. ಪರೀಕ್ಷೆಯಾಗಲಿ, ತೊಗರಿಯ ತೂಕವಾಗಲಿ, ಪಾರಿವಾಳವಾಗಲಿ, ನಿಯಮ ಒಂದೇ. ಗೆದ್ದವನು ಲೆಕ್ಕವನ್ನು ಕೇಳುವುದಿಲ್ಲ. ಅದು ಬೇಕಾಗಿರುವುದು ಸೋತವನಿಗೆ.