ಫ್ಯೂಸ್ ಕಿತ್ತರೆ ನೋಟಿಸ್ ಕೊಟ್ಟಂತಲ್ಲ

ಮಹಡಿ ಮನೆಯ ಬಾಡಿಗೆಯಿಂದ ತಿಂಗಳ ಖರ್ಚು ತೂಗಿಸುವ ಓನರ್‌ಗಳಲ್ಲಿ ನಾನೂ ಒಬ್ಬಳು. ಅದಕ್ಕೂ ಮೊದಲು ಹತ್ತೊಂಬತ್ತು ವರ್ಷ ಬೆಂಗಳೂರಿನಲ್ಲಿ ಐದು ಬಾಡಿಗೆ ಮನೆ ಬದಲಿಸಿದವಳು. ಎರಡೂ ಕಡೆಯ ಸಂಕಟ ಗೊತ್ತಿರುವುದರಿಂದ ಓನರ್‌ಗಳಿಗೂ ಬಾಡಿಗೆದಾರರಿಗೂ ಒಟ್ಟಿಗೇ ಕೈಮುಗಿದು ಕೇಳುತ್ತಿದ್ದೇನೆ: ಮನೆ ಖಾಲಿ ಮಾಡಿಸುವುದಾಗಲಿ, ಖಾಲಿ ಮಾಡುವುದಾಗಲಿ, ಬರವಣಿಗೆಯಲ್ಲಿ ಆಗಲಿ.

ಹನುಮಂತನಗರದ ವಠಾರವೊಂದರಲ್ಲಿ ನಾವಿದ್ದಾಗ ಪಕ್ಕದ ಪೋರ್ಷನ್ನಿನವರ ಬಾಡಿಗೆ ಎರಡು ತಿಂಗಳು ಬಾಕಿ ಬಿತ್ತು. ಯಜಮಾನರ ಕೆಲಸ ಹೋಗಿತ್ತು. ಮಾರ್ಚ್ ತಿಂಗಳು, ಮಗಳಿಗೆ ಎಸ್ಸೆಸ್ಸೆಲ್ಸಿ ಪರೀಕ್ಷೆ. ಒಂದು ಸಂಜೆ ಓನರ್ ಬಂದವರು ಯಾರ ಹತ್ತಿರವೂ ಮಾತಾಡದೆ ಮೀಟರ್ ಬೋರ್ಡಿನಿಂದ ಅವರ ಮನೆಯ ಫ್ಯೂಸ್ ಕಿತ್ತು ಜೇಬಿಗೆ ಹಾಕಿಕೊಂಡು ಹೋದರು. ಬಿಳಿ ಪಿಂಗಾಣಿಯ ಫ್ಯೂಸ್, ಅಂಗೈಯಲ್ಲಿ ಮುಚ್ಚಿಡುವಷ್ಟು ಚಿಕ್ಕದು. ಹುಡುಗಿ ನಮ್ಮ ಬಾಗಿಲ ದೀಪದ ಬೆಳಕಿಗೆ ಬಂದು ಮೆಟ್ಟಿಲ ಮೇಲೆ ಕೂತು ಓದಿದಳು. ಮೂರನೆಯ ದಿನ ಅವರು ಹೊರಗೆ ಹೋಗಿ ಬರುವಷ್ಟರಲ್ಲಿ ಬಾಗಿಲಿಗೆ ಎರಡನೆಯ ಬೀಗ ಬಿದ್ದಿತ್ತು. ಹಾಲ್ ಟಿಕೆಟ್ ಒಳಗೇ ಇತ್ತು. ಆರೂ ಮನೆಯವರು ನಿಂತು ನೋಡಿದೆವು. ಅವರವರ ವ್ಯವಹಾರ ನಮಗೇಕೆ ಅಂತ ನಾನು ಒಳಗೆ ಹೋಗಿ ಕದ ಹಾಕಿಕೊಂಡೆ.

ಅದು ಅವರವರ ವ್ಯವಹಾರವಾಗಿರಲಿಲ್ಲ. ಬಾಡಿಗೆ ಬಾಕಿ ಇದ್ದರೂ, ಕರಾರಿನ ಅವಧಿ ಮುಗಿದಿದ್ದರೂ, ಒಳಗೆ ನೆಲೆಸಿರುವವರನ್ನು ಕಾನೂನಿನ ದಾರಿಯಲ್ಲದೆ ಹೊರಹಾಕುವ ಹಕ್ಕು ಮನೆಯ ಮಾಲೀಕರಿಗಿಲ್ಲ. ಕೃಷ್ಣರಾಮ್ ಮಹಾಲೆ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1989ರಲ್ಲೇ ಈ ಮಾತನ್ನು ಸ್ಪಷ್ಟವಾಗಿ ಹೇಳಿದೆ. ಹಾಗೆ ಹೊರಹಾಕಿಸಿಕೊಂಡವರು 1963ರ ನಿರ್ದಿಷ್ಟ ಪರಿಹಾರ ಕಾಯ್ದೆಯ 6ನೇ ಸೆಕ್ಷನ್ ಹಿಡಿದು ಆರು ತಿಂಗಳೊಳಗೆ ಸಿವಿಲ್ ಕೋರ್ಟಿಗೆ ಹೋದರೆ, ಮನೆ ಯಾರದು ಎಂಬ ಪ್ರಶ್ನೆ ಎತ್ತದೆಯೇ ಸ್ವಾಧೀನವನ್ನು ವಾಪಸ್ ಕೊಡಿಸಬಹುದು. ಆರು ತಿಂಗಳು ದಾಟಿದರೆ ಈ ಬಾಗಿಲು ಮುಚ್ಚುತ್ತದೆ. ಇದು ಆ ಸಂಜೆ ನನಗೆ ಗೊತ್ತಿದ್ದಿದ್ದರೆ ಕದ ಹಾಕಿಕೊಳ್ಳುತ್ತಿರಲಿಲ್ಲ ಎಂದು ನಂಬಿದ್ದೇನೆ.

ನೋಟಿಸಿನ ವಿಚಾರಕ್ಕೆ ಬರುತ್ತೇನೆ. ಗೊಂದಲ ಹೆಚ್ಚಿರುವುದು ಇಲ್ಲಿಯೇ. 1999ರ ಕರ್ನಾಟಕ ಬಾಡಿಗೆ ಕಾಯ್ದೆ ತಮ್ಮನ್ನು ಕಾಯುತ್ತದೆ ಎಂದು ಬಹಳ ಬಾಡಿಗೆದಾರರು ನೆಚ್ಚಿಕೊಂಡಿರುತ್ತಾರೆ. ಆ ಕಾಯ್ದೆಯೊಳಗೆ ಬರುವವರಿಗೆ ರಕ್ಷಣೆ ಗಟ್ಟಿಯಾಗಿದೆ, ನಿಜ: ಬಾಕಿ ಕೇಳಿ ನೋಟಿಸ್ ತಲುಪಿದ ಮೇಲೂ ಕಟ್ಟಲು ಎರಡು ತಿಂಗಳು ಸಿಗುತ್ತದೆ, ಕಾಯ್ದೆಯಲ್ಲಿ ಹೇಳಿದ ಕಾರಣವಿಲ್ಲದೆ ಎಬ್ಬಿಸುವಂತಿಲ್ಲ. ಆದರೆ ಬೆಂಗಳೂರಿನಂಥ ದೊಡ್ಡ ಊರಲ್ಲಿ ತಿಂಗಳಿಗೆ 3,500 ರೂಪಾಯಿ, ಸಣ್ಣ ಊರುಗಳಲ್ಲಿ 2,000 ದಾಟಿದ ಬಾಡಿಗೆಯ ಮನೆಗಳಿಗೆ ಅದು ಅನ್ವಯಿಸುವುದೇ ಇಲ್ಲ. ಇವತ್ತು ಬೆಂಗಳೂರಿನಲ್ಲಿ 3,500ಕ್ಕೆ ಎಂಥ ಮನೆ ಸಿಗುತ್ತದೆಂದು ಓದುಗರಿಗೆ ನಾನು ಹೇಳಬೇಕಾಗಿಲ್ಲ.

ಹಾಗಾಗಿ ನಮ್ಮಲ್ಲಿ ಬಹುಪಾಲು ಜನರ ಬದುಕು ನಿಂತಿರುವುದು ಕರಾರು ಪತ್ರದ ಮೇಲೆ ಮತ್ತು 1882ರ ಸ್ವತ್ತು ವರ್ಗಾವಣೆ ಕಾಯ್ದೆಯ 106ನೇ ಸೆಕ್ಷನ್ ಮೇಲೆ. ಕರಾರಿನಲ್ಲಿ ಒಂದು ತಿಂಗಳ ನೋಟಿಸ್ ಎಂದಿದ್ದರೆ ಒಂದು ತಿಂಗಳು, ಎರಡು ಎಂದಿದ್ದರೆ ಎರಡು. ಏನೂ ಬರೆದಿಲ್ಲದಿದ್ದರೆ ತಿಂಗಳ ಬಾಡಿಗೆಯ ಮನೆಗೆ 15 ದಿನ, ಅದೂ ನೋಟಿಸ್ ಕೈಸೇರಿದ ದಿನದಿಂದ. ನೋಟಿಸ್ ಬರವಣಿಗೆಯಲ್ಲಿರಬೇಕು, ಕೊಡುವವರ ಅಥವಾ ಅವರ ಪರವಾದವರ ಸಹಿ ಇರಬೇಕು. ಅಂಚೆಯಲ್ಲಿ ಕಳಿಸಬಹುದು, ಮನೆಯವರೊಬ್ಬರ ಕೈಗೆ ಕೊಡಬಹುದು, ಎರಡೂ ಆಗದಿದ್ದರೆ ಮನೆಯ ಮೇಲೆ ಎದ್ದು ಕಾಣುವ ಕಡೆ ಅಂಟಿಸಬಹುದು. ನಲ್ಲಿ ಹತ್ತಿರ ಸಿಕ್ಕಾಗ "ಮುಂದಿನ ತಿಂಗಳು ಖಾಲಿ ಮಾಡಿ ಕಣ್ರೀ" ಅನ್ನುವುದು ನೋಟಿಸ್ ಅಲ್ಲ.

ಹದಿನೈದು ದಿನ ಮುಗಿದ ಮಾತ್ರಕ್ಕೆ ಹದಿನಾರನೆಯ ದಿನ ಸಾಮಾನು ಬೀದಿಗೆ ಬರಬೇಕೆಂದೂ ಇಲ್ಲ. ನೋಟಿಸಿನಿಂದ ಬಾಡಿಗೆಯ ಸಂಬಂಧ ಕಡಿಯುತ್ತದೆ, ಅಷ್ಟೆ. ಆಮೇಲೂ ಖಾಲಿ ಮಾಡದಿದ್ದರೆ ಓನರ್ ದಾವೆ ಹೂಡಬೇಕು. ಡಿಕ್ರಿ ಆಗಿ, ಅದು ಜಾರಿಗೆ ಬಂದು, ಕೋರ್ಟಿನ ಅಮೀನರೇ ಬಂದು ಬಿಡಿಸಿಕೊಡಬೇಕು. ಪೊಲೀಸರಾಗಲಿ, ಬ್ರೋಕರ್ ಆಗಲಿ, ಏರಿಯಾದ ಲೀಡರ್ ಆಗಲಿ ಆ ಕೆಲಸ ಮಾಡುವಂತಿಲ್ಲ.

ಓನರ್‌ಗಳೇ, ನಿಮ್ಮ ಸಿಟ್ಟು ನನಗೆ ಅರ್ಥವಾಗುತ್ತದೆ. ನನ್ನ ಮಹಡಿಯಲ್ಲಿದ್ದವರೂ ನಾಲ್ಕು ತಿಂಗಳು ಬಾಡಿಗೆ ಕೊಡಲಿಲ್ಲ. ಬೆಸ್ಕಾಂ ಬಿಲ್ಲೂ ನಾನೇ ಕಟ್ಟಿದೆ. ಔಷಧಿ ಅಂಗಡಿಯಲ್ಲಿ ಸಾಲ ಹೇಳಿದ ದಿನ ನನಗೂ ಮೆಟ್ಟಿಲು ಹತ್ತಿ ಬೀಗ ಜಡಿದು ಬರೋಣ ಅನ್ನಿಸಿತ್ತು. ಬದಲಿಗೆ ಒಂದು ಹಾಳೆಯಲ್ಲಿ ಬಾಕಿ ಎಷ್ಟು, ಯಾವ ಯಾವ ತಿಂಗಳದ್ದು, ಯಾವ ತಾರೀಖಿನೊಳಗೆ ಖಾಲಿ ಮಾಡಬೇಕು ಎಂದು ಬರೆದು, ಸಹಿ ಹಾಕಿ, ಸ್ಪೀಡ್ ಪೋಸ್ಟ್ ಮಾಡಿ ರಸೀದಿ ಇಟ್ಟುಕೊಂಡೆ. ನಾಲ್ಕನೆಯ ದಿನ ಮಹಡಿಯಿಂದ ಆ ಹೆಣ್ಣುಮಗಳು ಇಳಿದು ಬಂದು, "ಅಕ್ಕಾ, ಬಾಕಿ ಅಡ್ವಾನ್ಸಲ್ಲಿ ಮುರ್ಕೊಳ್ಳಿ, ಇಪ್ಪತ್ತನೇ ತಾರೀಖು ಬಿಡ್ತೀವಿ" ಅಂದಳು. ಹೇಳಿದಂತೆ ಬಿಟ್ಟರು. ಎಲ್ಲ ಕಡೆ ಹೀಗೇ ಆಗುತ್ತದೆಂದು ನಾನು ಭರವಸೆ ಕೊಡಲಾರೆ. ಕೋರ್ಟು ನಿಧಾನ, ಖರ್ಚು ಹೌದು. ಆದರೂ ನಾಳೆ ಕೋರ್ಟಿನ ಮುಂದೆ ನಿಲ್ಲಬೇಕಾದರೆ ಕೈಯಲ್ಲಿ ಆ ರಸೀದಿ ಇರುವವರ ಮಾತಿಗೂ, ಜೇಬಲ್ಲಿ ಫ್ಯೂಸ್ ಇಟ್ಟುಕೊಂಡವರ ಮಾತಿಗೂ ತೂಕ ಬೇರೆ.

ಅಡ್ವಾನ್ಸ್ ಬಗ್ಗೆಯೂ ಬೇಡಿಕೊಳ್ಳಬೇಕು. ಹತ್ತು ತಿಂಗಳ ಬಾಡಿಗೆಯನ್ನು ಮುಂಗಡ ಕೇಳುವುದು ಬೆಂಗಳೂರಿನ ಹಳೇ ರೂಢಿ. ಕೇಂದ್ರದ 2021ರ ಮಾದರಿ ಬಾಡಿಗೆ ಕಾಯ್ದೆ ವಾಸದ ಮನೆಗೆ ಎರಡೇ ತಿಂಗಳು ಸಾಕೆನ್ನುತ್ತದೆ. ಆದರೆ ಅದು ಬರೀ ಮಾದರಿ, ರಾಜ್ಯ ತನ್ನದೇ ಕಾನೂನು ಮಾಡಿಕೊಳ್ಳುವವರೆಗೆ ನಮ್ಮನ್ನು ಕಟ್ಟಿಹಾಕುವುದಿಲ್ಲ. ಅಲ್ಲಿಯವರೆಗೆ ಇದಿಷ್ಟಾದರೂ ಮಾಡೋಣ: ಬೀಗದಕೈ ಕೊಟ್ಟ ದಿನವೇ ಅಡ್ವಾನ್ಸ್ ಕೈಸೇರಲಿ. ಪೇಂಟಿಂಗ್ ಅಂತ ಎಷ್ಟು ಮುರಿದುಕೊಳ್ಳುತ್ತೀರೋ ಅದು ಮೊದಲೇ ಕರಾರಿನಲ್ಲಿರಲಿ. ಮುಂದಿನವರು ಅಡ್ವಾನ್ಸ್ ಕೊಟ್ಟ ಮೇಲೆ ನಿಮ್ಮದು ಕೊಡುತ್ತೇನೆ ಅನ್ನಬೇಡಿ. ಹೊಸ ಮನೆಗೆ ಕೊಡಲು ಅವರಿಗೂ ಅದೇ ದುಡ್ಡು ಬೇಕು.

ಬಾಡಿಗೆದಾರರೇ, ಬಾಡಿಗೆಯನ್ನು ಬ್ಯಾಂಕ್ ಖಾತೆಗೋ ಯುಪಿಐ ಮೂಲಕವೋ ಹಾಕಿ, ಯಾವ ತಿಂಗಳದ್ದೆಂದು ನಮೂದಿಸಿ. ನಗದು ಕೊಟ್ಟರೆ ರಸೀದಿ ಕೇಳಲು ಸಂಕೋಚ ಬೇಡ. ಕಷ್ಟ ಬಂದರೆ ಫೋನ್ ಎತ್ತದೆ ತಪ್ಪಿಸಿಕೊಳ್ಳುವ ಬದಲು ಮೊದಲ ತಿಂಗಳೇ ಹೇಳಿ. ಹನ್ನೆರಡು ವರ್ಷ ಇದ್ದರೆ ಮನೆ ನಮ್ಮದೇ ಆಗುತ್ತದೆ ಎಂಬ ಮಾತನ್ನು ನಂಬಿ ಕೂರಬೇಡಿ. ಬಾಡಿಗೆಗೆ ಬಂದವರು ಎಷ್ಟು ವರ್ಷ ಇದ್ದರೂ ಬಾಡಿಗೆದಾರರೇ. ಆ ಮಾತು ಕೇಳಿ ಮನೆ ಕೈತಪ್ಪೀತೆಂಬ ಹೆದರಿಕೆಯಿಂದಲೇ ಎಷ್ಟೋ ಓನರ್‌ಗಳು ಹನ್ನೊಂದು ತಿಂಗಳಿಗೊಮ್ಮೆ ಒಳ್ಳೆಯ ಜನರನ್ನೂ ಎಬ್ಬಿಸುತ್ತಾರೆ.

ವಕೀಲರಿಗೆ ಕೊಡಲು ದುಡ್ಡಿಲ್ಲದವರು 15100ಕ್ಕೆ ಕರೆ ಮಾಡಿ. ಅದು ಕಾನೂನು ಸೇವಾ ಪ್ರಾಧಿಕಾರದ ಸಹಾಯವಾಣಿ. ಹೆಣ್ಣುಮಕ್ಕಳಿಗೆ, ಪರಿಶಿಷ್ಟರಿಗೆ, ಅಂಗವಿಕಲರಿಗೆ, ಕಡಿಮೆ ಆದಾಯದವರಿಗೆ ಉಚಿತವಾಗಿ ವಕೀಲರನ್ನು ಕೊಡಬೇಕೆಂದು 1987ರ ಕಾಯ್ದೆಯಲ್ಲೇ ಇದೆ. ಸಾಲದ ಮೇಲೆ ಮಹಡಿ ಕಟ್ಟಿಸಿ ಬಾಡಿಗೆ ಬಾರದೆ ಕೂತ ಒಂಟಿ ಅಜ್ಜಿಗೂ ಅದು ಸಲ್ಲುತ್ತದೆ.

ಕೊನೆಯದಾಗಿ ನೆರೆಮನೆಯವರಿಗೆ. ಪಕ್ಕದ ಬಾಗಿಲಿಗೆ ಎರಡನೆಯ ಬೀಗ ಬೀಳುವುದು ಕಂಡರೆ ಒಂದು ಫೋಟೋ ತೆಗೆಯಿರಿ, ತಾರೀಖು ಬರೆದಿಡಿ, ನಾಳೆ ಸಾಕ್ಷಿ ಹೇಳಬೇಕಾದರೆ ಹೇಳುತ್ತೇನೆಂದು ಅವರಿಗೆ ತಿಳಿಸಿ. ನಮ್ಮ ಮೆಟ್ಟಿಲ ಮೇಲೆ ಕೂತು ಓದಿದ ಆ ಹುಡುಗಿಗಾಗಿ ಆರು ಮನೆಗಳಲ್ಲಿ ಒಬ್ಬರೂ ಇಷ್ಟನ್ನು ಮಾಡಲಿಲ್ಲ.